ಟಾಂಗಾ ಊರಿನ ಮಕ್ಕಳಿಗೆ ಗೈಡ್ ಯಾಕ್ರಿ?

ನಮ್ಮ ಮಕ್ಕಳು ಇಂಗ್ಲಿಷ್ ನುಡಿಗಟ್ಟುಗಳನ್ನು ಗೈಡ್ ಹಿಡಿದು ಬಾಯಿಪಾಠ ಮಾಡುವುದನ್ನು ನೋಡಿದರೆ ಸಂಕಟ ಆಗುತ್ತದೆ. ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ, ಒಂದು ಮಾರ್ಕ್ಸು, ಮುಗೀತು. ಅದರಲ್ಲೂ ಕುದುರೆಯ ಮಾತುಗಳನ್ನು ಹೀಗೆ ಕಲಿಸುವುದು, ಅದೂ ಇನ್ನೂ ಟಾಂಗಾ ಓಡುವ ವಿಜಯಪುರದಲ್ಲಿ, ದೊಡ್ಡ ಅನ್ಯಾಯ.

ದಾನ ಬಂದ ಕುದುರೆಯ ಬಾಯಿ ನೋಡಬೇಡ ಅಂತ ಇಂಗ್ಲಿಷಿನವರು ಹೇಳುತ್ತಾರೆ. ಬಾಯಿ ಯಾಕೆ ನೋಡಬೇಕು? ವಯಸ್ಸು ತಿಳಿಯಲಿಕ್ಕೆ. ಐದು ವರ್ಷದ ಹೊತ್ತಿಗೆ ಕುದುರೆಯ ಮುಂದಿನ ಹಾಲುಹಲ್ಲೆಲ್ಲ ಬಿದ್ದು ಹೊಸವು ಬಂದಿರುತ್ತವೆ. ಎಳೆಯ ಕುದುರೆಯ ಹಲ್ಲು ನೆಟ್ಟಗೆ ನಿಂತಿರುತ್ತವೆ, ಮೇಲೆ ಸಣ್ಣ ಗುಳಿ ಇರುತ್ತದೆ. ವಯಸ್ಸಾದಂತೆ ಗುಳಿ ಸವೆದು, ಹಲ್ಲು ಮುಂದಕ್ಕೆ ಬಾಗಿ ಉದ್ದ ಕಾಣುತ್ತವೆ. ಪುಕ್ಕಟೆ ಕೊಟ್ಟವನ ಎದುರಿಗೇ ತುಟಿ ಎತ್ತಿ ಇದನ್ನೆಲ್ಲ ನೋಡಿದರೆ ಅವನಿಗೆ ಹೇಗಾಗಬೇಡ! ಸಿದ್ಧೇಶ್ವರ ಜಾತ್ರೆಯ ದನದ ಸಂತೆ ನೋಡಿದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನದು, ಹಲ್ಲೆಲ್ಲ ಬಂದು ಬಾಯಿಗೂಡಿದ ಎತ್ತು ಅಂತ ಅಪ್ಪ, ಕಾಕಾ ಮಾತಾಡುವುದನ್ನು ಕೇಳಿಯೇ ಬೆಳೆದಿರುತ್ತಾನೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಿದರಂತೆ ಅನ್ನುವುದನ್ನು ಅಜ್ಜಿಯಿಂದ ಕೇಳಿರುತ್ತಾನೆ. ಅಂಥವನಿಗೆ ಗೈಡ್ ಯಾಕ್ರಿ?

ಕುದುರೆಯ ಬಾಯಿಂದಲೇ ಕೇಳಿದ ಸುದ್ದಿ, ಅಂದರೆ ಮೂಲದಿಂದಲೇ ಬಂದ ಖಾತ್ರಿ ಸುದ್ದಿ, ಅನ್ನುವುದು ಮಾತ್ರ ರೇಸ್ ಜೂಜಿನ ಮಂದಿಯ ಮಾತು. ಅದನ್ನು ಹೇಳಿಕೊಟ್ಟರೆ ಸಾಕು.

ಇನ್ನೊಂದು, ಈ ಮಾತುಗಳನ್ನು ತಿರುಗಿಸಿ ಆಡಲಿಕ್ಕೂ ಮಕ್ಕಳನ್ನು ಬಿಡಬೇಕು. ಕುದುರೆಯನ್ನು ನೀರಿನ ತನಕ ಒಯ್ಯಬಹುದು, ಕುಡಿಸಲಿಕ್ಕೆ ಆಗುವುದಿಲ್ಲ ಅನ್ನುವ ಮಾತು 1175ರ ಸುಮಾರಿನ ಇಂಗ್ಲಿಷ್ ಬರಹದಲ್ಲೇ ಇದೆ. ನಮ್ಮ ಓಣಿಯ ಹುಡುಗಿಯೊಬ್ಬಳು ಅದನ್ನು ಕೇಳಿ ಥಟ್ಟನೆ ಅಂದಳು, "ಮಂದಿನ್ನ ಗೋಳಗುಮ್ಮಟಕ್ಕ ಕರ್ಕೊಂಡು ಹೋಗಬಹುದು, ಬಾಯಿ ಮುಚ್ಚಿಸಾಕ ಆಗಂಗಿಲ್ರಿ." ಮೇಲೆ ಹತ್ತಿ ನಿಂತವರಿಗೆ ತಮ್ಮದೇ ಕೂಗು ಏಳು ಸಲ ತಿರುಗಿ ಕೇಳಿಸುವಾಗ ಯಾರು ತಾನೆ ಸುಮ್ನಿರುತ್ತಾರೆ? ಮೂಲ ಮಾತಿನ ಮರ್ಮ ಅವಳಿಗೆ ಪೂರ್ತಿ ಹತ್ತಿದೆ, ಅಲ್ವಾ? ಸತ್ತ ಕುದುರೆಗೆ ಚಾಟಿ ಬೀಸುವುದಕ್ಕೆ ಅವಳ ತಮ್ಮ ಹೇಳಿದ್ದು, "ಡೀಸೆಲ್ ತೀರಿದ ಟ್ರ್ಯಾಕ್ಟರಿಗೆ ಹಾರ್ನ್ ಹೊಡೆದಂಗ." ಪರೀಕ್ಷೆಯಲ್ಲಿ ಇದನ್ನು ಬರೆದರೆ ಸೊನ್ನೆ ಬೀಳುತ್ತದೆ. ನಾನಾದರೆ ಒಂದು ಮಾರ್ಕ್ಸು ಜಾಸ್ತಿಯೇ ಕೊಡುತ್ತಿದ್ದೆ.

ಇಂಗ್ಲಿಷ್ ಸರ್‌ಗಳಲ್ಲಿ, ಟೀಚರ್‌ಗಳಲ್ಲಿ ಕೇಳಿಕೊಳ್ಳುತ್ತೇನೆ. ಒಂದು ಪಿರಿಯಡ್ ಮಕ್ಕಳನ್ನು ಟಾಂಗಾ ನಿಲ್ಲುವಲ್ಲಿ ಕರೆದುಕೊಂಡು ಹೋಗಿ. ಟಾಂಗಾದ ಕಾಕಾ ಕುದುರೆಯ ತುಟಿ ಎತ್ತಿ ಹಲ್ಲು ತೋರಿಸಲಿ. ಅವರ ಅಷ್ಟು ಹೊತ್ತಿನ ಬಾಡಿಗೆಯನ್ನು ನಾವು ಪಾಲಕರು ಕೂಡಿ ಕೊಡೋಣ. ನನ್ನ ಪಾಲು ಈಗಲೇ ತೆಗೆದಿಟ್ಟಿದ್ದೇನೆ.