ಸಮುದ್ರಕ್ಕೆ ಹೋಗುವ ನೀರಿನ ಲೆಕ್ಕ ಇಟ್ಟವರು

ನಮ್ಮ ಘಟ್ಟದ ಹೊಳೆ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆ ವಿಷಯ ಬಂದಾಗಲೆಲ್ಲ ನಮ್ಮ ಸಕಲೇಶಪುರದಲ್ಲೇ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. "ಹೇಗಿದ್ರೂ ಸುಮ್ನೆ ಸಮುದ್ರಕ್ಕೆ ಹೋಗೋ ನೀರು, ತಗೊಂಡ್ರೆ ಯಾರಪ್ಪನ ಮನೆ ಗಂಟು ಹೋಗುತ್ತೆ?" ರಾಜಕಾರಣಿಗಳಂತೂ ಮೈಕ್ ಸಿಕ್ಕರೆ ಸಾಕು, ಇದನ್ನೇ ಹೇಳುತ್ತಾರೆ. ವಿರೋಧ ಮಾಡುವ ನಾವೂ ಅಷ್ಟೇ. ಕಾಡು, ಆನೆ, ಗುಡ್ಡ ಕುಸಿತ ಅಂತ ಮಾತಾಡುತ್ತೇವೆ, ಸಮುದ್ರದ ಹೆಸರೆತ್ತುವುದಿಲ್ಲ. ಅದು ಮಂಗಳೂರಿನವರ ತಲೆನೋವು ಅಲ್ವಾ!

ವೇಣುಗೋಪಾಲನ್ ಇಟ್ಟೆಕ್ಕೋಟ್ ಅಂತ ಒಬ್ಬ ಸಮುದ್ರ ವಿಜ್ಞಾನಿ ಇದ್ದಾರೆ. ನಮ್ಮ ಕಡೆ ಈ ಹೆಸರು ಕೇಳಿದವರು ಸಿಗುವುದು ಕಷ್ಟ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಂಶೋಧನೆ ಮಾಡಿ, ಮುಂದೆ ಬ್ರೆಮೆನ್‌ನಲ್ಲಿ ಉಷ್ಣವಲಯದ ಸಮುದ್ರ ಪರಿಸರವನ್ನು ಓದುವ ಕೇಂದ್ರಕ್ಕೆ ನಿರ್ದೇಶಕರಾದವರು. ಹುದ್ದೆ ಇರಲಿ, ಅವರು ಬೆನ್ನು ಹತ್ತಿದ ಪ್ರಶ್ನೆ ನನಗೆ ಇಷ್ಟ. ಮಳೆ ಬಂದು ನದಿ ತುಂಬಿದರೆ ಸಮುದ್ರದ ತಳಕ್ಕೆ ಏನು ತಲುಪುತ್ತದೆ?

1980ರ ದಶಕದಲ್ಲಿ ಅವರು, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಆರ್. ಆರ್. ನಾಯರ್ ಮತ್ತು ಜೊತೆಗಾರರು ಅರಬ್ಬಿ ಸಮುದ್ರದಲ್ಲಿ ಕಿಲೋಮೀಟರುಗಟ್ಟಲೆ ಆಳಕ್ಕೆ ದೊಡ್ಡ ದೊಡ್ಡ ಆಲಿಕೆ ಇಳಿಬಿಟ್ಟರು. ಕೆಳಗೆ ಭಾರ, ಮೇಲೆ ತೇಲುವ ಬುರುಡೆ, ನಡುವೆ ಹಗ್ಗಕ್ಕೆ ಕಟ್ಟಿದ ಆಲಿಕೆ, ಅದರ ಅಡಿಯಲ್ಲಿ ಬಾಟಲಿಗಳು. ಮೇಲಿಂದ ಉದುರುವ ಸತ್ತ ಪ್ಲಾಂಕ್ಟನ್ (ನೀರಲ್ಲಿ ತೇಲಾಡುವ ಸಣ್ಣ ಸಣ್ಣ ಜೀವಿಗಳು), ಹಿಕ್ಕೆ, ಮಣ್ಣಿನ ಕಣ ಎಲ್ಲ ಬಾಟಲಿಗೆ ಬೀಳುತ್ತದೆ. ಒಂದಷ್ಟು ದಿನಕ್ಕೆ ಯಂತ್ರ ತಾನೇ ತಿರುಗಿ ಮುಂದಿನ ಬಾಟಲಿ ತಂದಿಡುತ್ತದೆ. ತಿಂಗಳುಗಳಾದ ಮೇಲೆ ಹಡಗಿನಿಂದ ಶಬ್ದದ ಸಂಕೇತ ಕಳಿಸಿದರೆ ಭಾರ ಕಳಚಿ ಇಡೀ ಸರಂಜಾಮು ಮೇಲೆ ತೇಲಿ ಬರಬೇಕು. ಬರದಿದ್ದರೆ ಮಾಡಿದ್ದೆಲ್ಲ ಅಕ್ಷರಶಃ ನೀರುಪಾಲು.

1989ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಮುಂಗಾರಿನಲ್ಲಿ ತಳಕ್ಕೆ ಬೀಳುವುದು ಸಿಕ್ಕಾಪಟ್ಟೆ ಜಾಸ್ತಿ. ಅರಬ್ಬಿ ಸಮುದ್ರದಲ್ಲಿ ಇದಕ್ಕೆ ಮುಖ್ಯ ಕಾರಣ ಗಾಳಿ, ಅದು ಆಳದ ಪೋಷಕಾಂಶವನ್ನು ಮೇಲಕ್ಕೆ ತರುತ್ತದೆ. ಬಂಗಾಳಕೊಲ್ಲಿಯ ಕಥೆ ಬೇರೆ. 1991ರ ಅವರ ಲೇಖನದ ಪ್ರಕಾರ ಅಲ್ಲಿ ಕೆಲಸ ಮಾಡುವುದು ನದಿಗಳು ತಂದು ಸುರಿಯುವ ಸಿಹಿನೀರು. ಬಿಸ್ಲೆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಮಳೆನೀರು ಎರಡು ಸಮುದ್ರಕ್ಕೆ ಒಡೆಯುವ ಜಾಗದಲ್ಲಿ ನಾವು ಫೋಟೋ ಹೊಡೆಸಿಕೊಂಡು ಬರುತ್ತೇವಲ್ಲ, ಆ ಎರಡೂ ಸಮುದ್ರಗಳ ಲೆಕ್ಕ ಇದು.

ನದಿ ಬರೀ ನೀರು ಒಯ್ಯುವುದಿಲ್ಲ. ಘಟ್ಟದ ಕಲ್ಲು ಸವೆದು ಕರಗಿದ ಸಿಲಿಕಾನೂ ಒಯ್ಯುತ್ತದೆ. ಡಯಾಟಂ ಅನ್ನುವ ಕಣ್ಣಿಗೆ ಕಾಣದ ಪಾಚಿ ಅದರಿಂದ ತನ್ನ ಚಿಪ್ಪು ಕಟ್ಟಿಕೊಳ್ಳುತ್ತದೆ. ಆ ಡಯಾಟಂ ತಿಂದು ಬೆಳೆಯುವುದೇ ಬೂತಾಯಿ ಮೀನು. ಶಿರಾಡಿ ಘಾಟಿ ಹತ್ತಿ ನಮ್ಮೂರ ಮಾರ್ಕೆಟ್‌ಗೆ ಬರುತ್ತಲ್ಲ, ಅದೇ ಬೂತಾಯಿ. (ಘಾಟಿ ಬಂದ್ ಆದರೆ ರೇಟು ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.)

ನದಿಯನ್ನು ತಡೆದರೆ ಈ ಸಿಲಿಕಾಗೆ ಏನಾಗುತ್ತದೆ? 1972ರಲ್ಲಿ ಕಪ್ಪು ಸಮುದ್ರ ಸೇರುವ ಯುರೋಪಿನ ಡ್ಯಾನ್ಯೂಬ್ ನದಿಗೆ ಐರನ್ ಗೇಟ್ಸ್ ಅಣೆಕಟ್ಟು ಬಂತು. ಆಮೇಲೆ ನದಿ ತರುವ ಸಿಲಿಕಾ ಮೂರರಲ್ಲಿ ಎರಡು ಪಾಲು ಇಳಿದಿದೆ, ಕಪ್ಪು ಸಮುದ್ರದಲ್ಲಿ ಡಯಾಟಂ ಹಿಂದೆ ಸರಿದು ಬೇರೆ ಜಾತಿಯ ಪಾಚಿ ಹೆಚ್ಚಿವೆ ಅಂತ ಇಟ್ಟೆಕ್ಕೋಟ್ ಮತ್ತು ಸಂಗಡಿಗರು 1997ರಲ್ಲಿ ಬರೆದರು. ಮುಂದೆ ಬೇರೆಯವರು ಅಳೆದು ನೋಡಿದಾಗ ಆ ಒಂದು ಅಣೆಕಟ್ಟು ಹಿಡಿದಿಡುವ ಸಿಲಿಕಾ ತುಂಬಾ ಕಡಿಮೆ ಅಂತ ಬಂತು. ಹಾಗಾಗಿ ಅದೊಂದರ ತಲೆಗೇ ಎಲ್ಲ ಕಟ್ಟುವ ಹಾಗಿಲ್ಲ. ನನಗೆ ಇದು ಇನ್ನೂ ಇಷ್ಟ. ಒಬ್ಬರು ಅಳೆದರು, ಇನ್ನೊಬ್ಬರು ಮತ್ತೆ ಅಳೆದು ತಿದ್ದಿದರು. ನಮ್ಮಲ್ಲಿ ಅಳೆಯದೆಯೇ ಭಾಷಣ.

ಎತ್ತಿನಹೊಳೆಯಿಂದ ಬೂತಾಯಿ ಮುಗಿದೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಗಾಳಿಯ ಕೆಲಸ ದೊಡ್ಡದು, ಎತ್ತಿನಹೊಳೆ ನೀರು ಸೇರುವ ನೇತ್ರಾವತಿಗೆ ಬೇರೆ ಹೊಳೆಗಳೂ ಇವೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಕುಡಿಯುವ ನೀರು ಬೇಕು ಅನ್ನುವ ವಾದ ಮಾಡಿ, ಕೂತು ಕೇಳುತ್ತೇನೆ. ಆದರೆ 24 ಟಿಎಂಸಿ ಲೆಕ್ಕ ಹಾಕಿದವರು ಆ ನೀರಿನ ಜೊತೆ ಹೋಗುತ್ತಿದ್ದುದರ ಲೆಕ್ಕವನ್ನೂ ಕೊಡಬೇಕು. 2024ರ ಗೌರಿ ಹಬ್ಬದ ದಿನ ಮೊದಲ ಹಂತ ಉದ್ಘಾಟನೆ ಆಗಿದೆ. ಇನ್ನಾದರೂ ಮಳೆಗಾಲ ಪೂರ್ತಿ ಉಳ್ಳಾಲದ ಅಳಿವೆಯಲ್ಲಿ ಸಿಲಿಕಾ ಎಷ್ಟು, ಡಯಾಟಂ ಎಷ್ಟು ಅಂತ ಅಳೆದು ಎಲ್ಲರಿಗೂ ಕಾಣುವ ಹಾಗೆ ಹಾಕಲಿ. ಪೈಪಿಗೆ ಸುರಿದ ದುಡ್ಡಿನ ಮುಂದೆ ಅದು ಚಿಲ್ಲರೆ ಕಾಸು.

ಕಾಮೆಂಟಿನಲ್ಲಿ ಬೈಯುವವರು ಇಷ್ಟೂ ಓದಿ ಬೈಯಿರಿ.