ಪೆಟ್ಟಿಗೊಂದು ರೇಟು

ಬಾಗಲಕೋಟೆಯ ನವನಗರಕ್ಕೆ ಹೊಸ ಹವ್ಯಾಸವೊಂದು ಬಂದಿದೆ. ಚಾಕು ಕೂಡಿಡುವುದು. ಅಂಚೆಚೀಟಿ, ಹಳೇ ನಾಣ್ಯ ಕೂಡಿಡುವವರನ್ನು ನಾವು ಮೊದಲೇ ಕಂಡಿದ್ದೇವೆ. ವಾಚು ಕೂಡಿಡುವವರಿಗೆ ದುಡ್ಡಿರುತ್ತದೆ, ಅವರ ಮಾತು ಬಿಡಿ. ಈ ಚಾಕುವಿನವರು ಹಾಗಲ್ಲ. ಇವರಿಗೆ ಬೇಕಾದದ್ದು ಕುಲುಮೆಯಲ್ಲಿ ಕಾಸಿ, ಕೈಯಿಂದ ಬಡಿದು ಮಾಡಿದ ಚಾಕು. ಅದೂ ಅಗ್ಗದ್ದು.

ಅಗ್ಗದ ಲೆಕ್ಕ ಹೀಗಿದೆ. ಜಪಾನಿನ ಸಕಾಯಿ ಊರಿನ ಹೆಸರಾದ ಕಸಬುದಾರ ಮಾಡಿದ ಚಾಕು ತರಿಸಿದರೆ ಮೂವತ್ತು ಸಾವಿರ ಆಯಿತು ಅಂತ ಇಟ್ಟುಕೊಳ್ಳಿ. ತಗೊಂಡರೆ ಮನೆಯಲ್ಲಿ ಜಗಳ. ಅದರ ಬದಲು ಮೂರು ಸಾವಿರದ್ದು ತಗೊಂಡರೆ ಇಪ್ಪತ್ತೇಳು ಸಾವಿರ ಉಳಿತಾಯ. ಇನ್ನೊಂದು ತಗೊಂಡರೆ ಮತ್ತೆ ಇಪ್ಪತ್ತೇಳು ಸಾವಿರ ಉಳಿಯಿತು. ಹೀಗೆ ಉಳಿಸುತ್ತಾ ಉಳಿಸುತ್ತಾ ನಮ್ಮ ಸೆಕ್ಟರಿನ ಸಾಹೇಬರೊಬ್ಬರು ಹೋದ ವರ್ಷ ಸೊಸೈಟಿಯಲ್ಲಿ ಸಾಲ ತೆಗೆದರು.

ಈ ಸಾಹೇಬರನ್ನು ಗುರುತು ಹಿಡಿಯುವುದು ಸುಲಭ. ಎಡಗೈ ನೋಡಿದರೆ ಸಾಕು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕೂದಲಿಲ್ಲ. ಬಲಗೈ ಮಾತ್ರ ಎಂದಿನಂತೆ. ಹೊಸ ಚಾಕು ಬಂದಾಗಲೆಲ್ಲ ಎಷ್ಟು ಹರಿತ ಇದೆ ಅಂತ ಎಡಗೈ ಮೇಲೆ ಆಡಿಸಿ ನೋಡುತ್ತಾರೆ. ಕೂದಲು ಮುಗಿದ ಮೇಲೆ ಪೇಪರಿನ ಸರದಿ. ಅವರ ಮನೆಗೆ ಪೇಪರು ಏಳಕ್ಕೆ ಬರುತ್ತದೆ, ಏಳೂವರೆಗೆ ರಿಬ್ಬನ್ ಆಗಿರುತ್ತದೆ. ಜಿಲ್ಲೆಯ ಸುದ್ದಿ ಓದಬೇಕಾದರೆ ಮನೆಯವರು ಜೋಡಿಸಿಕೊಂಡು ಓದಬೇಕು. ಅಡುಗೆ ಮನೆಯಲ್ಲಿ ಮಾತ್ರ ಹಸಿರು ಪ್ಲಾಸ್ಟಿಕ್ ಹಿಡಿಕೆಯ ನಲವತ್ತು ರೂಪಾಯಿ ಚಾಕುವೇ ದುಡಿಯುತ್ತಿದೆ. ಕೂಡಿಟ್ಟ ಚಾಕುಗಳನ್ನು ಮುಟ್ಟುವ ಹಾಗಿಲ್ಲ. ಉಳ್ಳಾಗಡ್ಡಿ ಹೆಚ್ಚಿದರೆ ಧಾರೆ ಹೋಗುತ್ತದಂತೆ.

ಮಹಾನವಮಿಯ ಖಂಡೇಪೂಜೆಗೆ ಎಲ್ಲವೂ ಹೊರಗೆ ಬರುತ್ತವೆ. ಹಿಂದೆ ಅದೇ ಮನೆತನದಲ್ಲಿ ಕುಡಗೋಲು, ಕೊಡಲಿ, ಕುರಪಿ ತೊಳೆದಿಟ್ಟು ಕುಂಕುಮ ಹಚ್ಚುತ್ತಿದ್ದರು. ವರ್ಷವೆಲ್ಲ ದುಡಿದವಕ್ಕೆ ಅದೊಂದು ದಿನ ರಜೆ. ಇವಕ್ಕೆ ವರ್ಷವೆಲ್ಲ ರಜೆ, ಅದೊಂದು ದಿನ ಡ್ಯೂಟಿ.

ಸಾಹೇಬರ ಅವ್ವನ ಪಾಲಿಗೆ ಇದೆಲ್ಲ ಹುಡುಗಾಟ. ಕೈಯಿಂದ ಬಡಿದ ಇಂಥ ಚಾಕುಗಳಲ್ಲಿ ಬಹಳಷ್ಟು ಸ್ಟೇನ್‌ಲೆಸ್ ಅಲ್ಲ. ನೀರು ಕಂಡರೆ ಜಂಗು. ಹುಳಿ ತಾಗಿದರೆ ಮೈ ಕಪ್ಪು. ಕೂಡಿಡುವವರಿಗೆ ಆ ಕಪ್ಪೇ ಪ್ರಾಣ. ಅದು ತಾನಾಗಿ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಸಾಹೇಬರು ಅಂಗಡಿಯಿಂದ ವಿನೆಗರ್ ತಂದರು, ಸಾಸಿವೆ ಸಾಸ್ ತಂದರು, ಬೆರಳಿನಿಂದ ಚುಕ್ಕಿ ಚುಕ್ಕಿಯಾಗಿ ಹಚ್ಚಿದರು, ಒರೆಸಿದರು, ಮತ್ತೆ ಹಚ್ಚಿದರು. ಸಂಜೆಯ ಹೊತ್ತಿಗೆ ಅಲಗಿನ ಮೇಲೆ ನೀಲಿ, ಬೂದು, ಕರಿ ಮೋಡ ಕವಿದ ಹಾಗೆ ಬಣ್ಣ ಎದ್ದಿತ್ತು. ಫೋಟೋ ಬೆಳಿಗ್ಗೆ ಬಿಸಿಲಲ್ಲಿ ತೆಗೆಯೋಣ ಅಂತ ಕಟ್ಟೆ ಮೇಲಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಚಾಕು ಬೆಳ್ಳಗೆ ಫಳಫಳ ಹೊಳೆಯುತ್ತಿದೆ.

"ಜಂಗ ಹತ್ತಿತ್ತಪಾ ತಮ್ಮಾ. ಹುಣಸಿಹಣ್ಣ, ಬೂದಿ ಹಾಕಿ ತಿಕ್ಕಿ ಇಟ್ಟೀನಿ" ಅಂದರು ಅವ್ವ. ಸಾಹೇಬರು ಆ ದಿನ ಊಟ ಮಾಡಲಿಲ್ಲ.

ಎಣ್ಣೆಯದೂ ಒಂದು ರಗಳೆ. ಜಂಗು ಹಿಡಿಯದಂತೆ ಜಪಾನಿನಿಂದ ಕ್ಯಾಮಿಲಿಯಾ ಎಣ್ಣೆ ತರಿಸುತ್ತಾರೆ. ಒಬ್ಬರು ‘ಲೋಕಲ್’ ಅಂತ ಕುಸುಬಿ ಎಣ್ಣೆ ಬಳಿದರು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ ಅನ್ನೋದು ಅವರ ಅಜ್ಜನಿಗೆ ಗೊತ್ತಿತ್ತು. ಈಗ ಆ ಚಾಕು ಚರ್ಮದ ಒರೆಯಿಂದ ಹೊರಗೆ ಬರುತ್ತಿಲ್ಲ. ಅಷ್ಟು ಸುರಕ್ಷಿತ ಚಾಕು ಜಿಲ್ಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ.

ಇನ್ನು ಜಾತ್ರೆಗೆ ಬನ್ನಿ. ಬಾದಾಮಿ ಪಕ್ಕದ ಚೋಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ತೇರು. ನಾಟಕ ಕಂಪನಿಗಳು, ಮಿರ್ಚಿ ಭಜಿ, ಸಾಲು ಸಾಲು ಬಾಗಿಲ ಚೌಕಟ್ಟು. ಅದರ ನಡುವೆ ಕಂಬಾರ ಕಾಕಾ ಗೋಣಿತಟ್ಟಿನ ಮೇಲೆ ಕುಡಗೋಲು, ಕೊಡಲಿ, ಕಬ್ಬು ಕಡಿಯುವ ಕೊಯ್ತಾ ಹರಡಿಕೊಂಡು ಕೂತಿರುತ್ತಾರೆ. ಮುಧೋಳ, ಜಮಖಂಡಿ ಕಡೆಯ ರೈತರು ಬಂದು ಅಲಗನ್ನು ಬೆರಳಿನಿಂದ ಟಣ್ ಅನ್ನಿಸಿ, ಸದ್ದು ಕೇಳಿ, ಹೊಂದಿದರೆ ತಗೊಂಡು ಹೋಗುತ್ತಾರೆ. ಎರಡು ನಿಮಿಷದ ವ್ಯಾಪಾರ.

ನಮ್ಮ ಸಾಹೇಬರದು ಎರಡು ತಾಸು.

"ಕಾಕಾ, ಇದರ ಮ್ಯಾಲ ಸುತ್ತಿಗಿ ಪೆಟ್ಟು ಕಾಣವಲ್ಲವಲ್ಲ?"

"ಕಾಣಬಾರದು ಅಂತನ ಬಡದೇನಲ್ರೀ ಸಾಹೇಬ್ರ."

ಕಾಕಾನ ಮಾತು ಸುಮ್ನೆ ಅಲ್ಲ. ಮೊದಲು ಚಮ್ಮಟಿಗೆಯಿಂದ ಜೋರಾಗಿ ಹೊಡೆದು ಆಕಾರ ತರುತ್ತಾರೆ. ಆಮೇಲೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ತಟ್ಟಿ ಆ ಗುಳಿಗಳನ್ನೆಲ್ಲ ಅಳಿಸುತ್ತಾರೆ. ಕೈ ಪಳಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಗುಳಿ ಉಳಿಸಿದ್ದಕ್ಕೆ ಕಾಕಾ ಚಿಕ್ಕಂದಿನಲ್ಲಿ ಅಪ್ಪನ ಕೈಯಲ್ಲಿ ಏಟು ತಿಂದವರು. ಈಗ ಗುಳಿ ಇಲ್ಲದ್ದಕ್ಕೆ ಗಿರಾಕಿಯ ಬಾಯಲ್ಲಿ ಮಾತು ಕೇಳಬೇಕು. ಇತ್ತ ಕಾರ್ಖಾನೆಗಳು ಜಾಣ. ಆನ್‌ಲೈನಿನಲ್ಲಿ ‘ಕೈಬಡಿತ’ ಅಂತ ಬರುವ ಎಷ್ಟೋ ಅಗ್ಗದ ಚಾಕುಗಳಿಗೆ ಮಷೀನೇ ಗುಳಿ ಒತ್ತಿರುತ್ತದೆ. ಪದರ ಪದರ ಬೆಸೆದ ಡಮಾಸ್ಕಸ್ ಉಕ್ಕಿನಲ್ಲಿ ಮೂಡುವಂಥ ಅಲೆಗಳನ್ನು ಲೇಸರಿನಲ್ಲಿ ಬರೆದಿರುತ್ತದೆ. ಮನುಷ್ಯ ಮಷೀನಿನ ಹಾಗೆ ನಯ ಮಾಡಲು ಒದ್ದಾಡಿದ್ದು ಒಂದು ಕಾಲ. ಈಗ ಮಷೀನು ಒರಟು ಮಾಡಲು ಒದ್ದಾಡುತ್ತಿದೆ.

ಇನ್ನೊಬ್ಬ ಸಾಹೇಬರಿಗೆ ಕಾದ ಕಬ್ಬಿಣದ ಮೇಲೆ ಏಳುವ ಕರಿ ಪೊರೆ ಹಾಗೇ ಇರಬೇಕು. ಜಪಾನಿನ ಕೆಲವು ಚಾಕುಗಳಲ್ಲಿ ಆ ಪೊರೆಯನ್ನು ಬೇಕಂತಲೇ ಬಿಡುತ್ತಾರೆ, ಜಂಗು ಸ್ವಲ್ಪ ತಡೆಯುತ್ತದೆ, ನಿಜ. ನಮ್ಮ ರೈತನ ಮುಂದೆ ಅದನ್ನು ಹಿಡಿದರೆ "ಅರ್ಧಾ ಕೆಲಸಕ್ಕ ಪೂರಾ ರೊಕ್ಕ ಯಾಕ?" ಅಂತಾನೆ.

ಉಕ್ಕು ಎಲ್ಲಿಯದು ಅನ್ನೋ ಪ್ರಶ್ನೆಯೂ ಬಂತು. ಕಾಕಾ ಹೇಳಿದರು, ಗುಜರಿಯದು, ಲಾರಿಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಹೆಚ್ಚುಕಡಿಮೆ ಶೇ. 0.6ರಷ್ಟು ಇಂಗಾಲ ಇರುತ್ತದೆ. ಕಾಸಿ, ತಣಿಸಿ ಹದ ಕೊಟ್ಟರೆ ಧಾರೆ ನಿಲ್ಲುತ್ತದೆ, ಕಲ್ಲಿಗೆ ತಾಗಿದರೂ ಬೇಗ ಚಕ್ಕೆ ಏಳುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿಯುವವನಿಗೆ ಇನ್ನೇನು ಬೇಕು? ಸಾಹೇಬರಿಗೆ ಬೇಕು. ಎಷ್ಟು ಗಡಸು? ರಾಕ್‌ವೆಲ್ 58 ಇದೆಯೋ 60 ಇದೆಯೋ? ಕಾಕಾನ ಹತ್ತಿರ ರಾಕ್‌ವೆಲ್ ಮಷೀನಿಲ್ಲ. ಅಲಗು ಬಿಸಿಯಾಗುತ್ತಾ ಗೋಧಿ ಬಣ್ಣ ಬಂತೋ ನೀಲಿಗೆ ಜಾರಿತೋ ಅಂತ ನೋಡುವ ಎರಡು ಕಣ್ಣಿವೆ. ಅದಕ್ಕೇ ಬಿಸಿಲು ಜಾಸ್ತಿಯಾದರೆ ಹದದ ಕೆಲಸ ನೆರಳಿನಲ್ಲಿ ಮಾಡುತ್ತಾರೆ. ಸಾಹೇಬರು ಇದನ್ನೆಲ್ಲ ವಿಡಿಯೋ ಮಾಡಿಕೊಂಡರು, ‘ಅಳಿಯುತ್ತಿರುವ ಕಲೆ’ ಅಂತ ಕಣ್ಣು ತೇವ ಮಾಡಿಕೊಂಡರು. ಆಮೇಲೆ ಇನ್ನೂರೈವತ್ತರ ಕುಡಗೋಲನ್ನು ಇನ್ನೂರಕ್ಕೆ ಕೇಳಿದರು.

ಇದು ಹೊಸ ಚೌಕಾಸಿಯೇನಲ್ಲ ಬಿಡಿ. ಆಯಗಾರಿಕೆ ಇದ್ದ ಕಾಲದಲ್ಲಿ ಕಂಬಾರ ವರ್ಷವಿಡೀ ಊರಿನವರ ನೇಗಿಲಿನ ಕುಡ, ಕುಡಗೋಲು ಹಣಿದು ಕೊಡುತ್ತಿದ್ದ. ಸುಗ್ಗಿಯಲ್ಲಿ ಜೋಳದ ರೂಪದಲ್ಲಿ ಆಯ ಸಿಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ‘ಮುಂದಿನ ಸುಗ್ಗಿಗೆ ನೋಡೂಣು’ ಅಂದವರ ಮೊಮ್ಮಕ್ಕಳೇ ಇವತ್ತು ಕಂಬಾರಿಕೆ ಉಳಿಸಲು ಹೊರಟಿದ್ದಾರೆ.

ಜಾತ್ರೆ ಮುಗಿಸಿ ಬರುವಾಗ ನಾಕಾಬಂದಿ ಇದ್ದರೆ ಇನ್ನೊಂದು ಫಜೀತಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 2016ರಲ್ಲಿ ಬಂದ ನಿಯಮಗಳಲ್ಲಿ ಹರಿತ ಆಯುಧಗಳಿಗೇ ಒಂದು ವರ್ಗವಿದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದರಲ್ಲಿ ಬರುತ್ತದೆ. ಮನೆಗೆಲಸಕ್ಕೆ, ಒಕ್ಕಲುತನಕ್ಕೆ, ವಿಜ್ಞಾನ-ಕೈಗಾರಿಕೆಗೆ ಅಂತ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ಕಬ್ಬು ಕಡಿಯುವವನು ಇದಕ್ಕಿಂತ ದೊಡ್ಡ ಕೊಯ್ತಾವನ್ನು ಸೈಕಲ್ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹಾಡುತ್ತಾ ಹೋಗುತ್ತಾನೆ. ಯಾರೂ ಕೇಳುವುದಿಲ್ಲ. ಸಾಹೇಬರು ಕಾರಿನ ಡಿಕ್ಕಿಯಲ್ಲಿ ವೆಲ್ವೆಟ್ ಸುತ್ತಿಟ್ಟ ಚಾಕುವಿನ ಜೊತೆ ಬೆವರುತ್ತಾ ಕೂತಿರುತ್ತಾರೆ.

"ಏನ್ರೀ ಇದು?"

"ಅಡುಗಿಗೆ ಸರ್, ಮನಿ ಅಡುಗಿಗೆ."

"ಹೌದಾ? ಉಪ್ಪಿಟ್ಟಿಗೆ ಒಗ್ಗರಣಿ ಹೆಂಗ ಹಾಕೂದು, ಹೇಳ್ರಿ ನೋಡೂಣು."

ಸರ್ಕಾರದ ಕಾಗದದಲ್ಲೂ ಇದೇ ಗೊಂದಲ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸಬುಗಳಿವೆ. ಸಲಕರಣೆ ಕೊಳ್ಳಲು 15,000 ರೂಪಾಯಿವರೆಗೆ ನೆರವು. ಕಂಬಾರ ಒಂದು ಕಸಬು, ಆಯುಧ ಮಾಡುವವ ಬೇರೆಯೇ ಕಸಬು. ಕಾಕಾನ ಮಗ ಅರ್ಜಿ ಹಿಡಿದುಕೊಂಡು ಅಪ್ಪನನ್ನು ಕೇಳಿದ, ಯಾವುದಕ್ಕೆ ಟಿಕ್ ಹಾಕಲಿ ಅಂತ. ರೈತರಿಗೆ ಮಾಡಿದ್ದು ಕಂಬಾರಿಕೆ, ಸರಿ. ಸಾಹೇಬರಿಗೆ ಮಾಡಿದ್ದು ಸಾಮಾನೂ ಅಲ್ಲ, ಆಯುಧವೂ ಅಲ್ಲ. 18ರಲ್ಲಿ ಅದಕ್ಕೆ ಕಾಲಂ ಇಲ್ಲ.

ಮಗ ಮಾತ್ರ ಗಟ್ಟಿಗ. ಎರಡು ಜಾತ್ರೆಯಲ್ಲಿ ಗಿರಾಕಿಗಳ ನಾಡಿ ಹಿಡಿದುಬಿಟ್ಟ. ಈಗ ಗೋಣಿತಟ್ಟಿನ ಮೇಲೆ ಎರಡು ಗುಂಪು. ಒಂದು ಕಡೆ ನಯವಾಗಿ ಬಡಿದು, ಹದ ಕೊಟ್ಟು, ಸಾಣೆ ಹಿಡಿದದ್ದು. ಅದರ ರೇಟು ಮೊದಲಿನದೇ. ಇನ್ನೊಂದು ಕಡೆ ಕರಿ ಪೊರೆ, ಗುಳಿ, ಸ್ವಲ್ಪ ಸೊಟ್ಟ. ಅದಕ್ಕೆ ಎರಡು ಪಟ್ಟು. ಪೆಟ್ಟು ಇನ್ನೂ ಎದ್ದು ಕಾಣಬೇಕು ಅಂದರೆ ಮೇಲೆ ನೂರು ರೂಪಾಯಿ, ನಿಮ್ಮ ಕಣ್ಣ ಮುಂದೆಯೇ ನಾಲ್ಕು ಹೊಡೆದುಕೊಡುತ್ತಾನೆ. ವಿಡಿಯೋಕ್ಕೆ ಬೇರೆ.

ನಮ್ಮ ಸಾಹೇಬರು ಎರಡನೇ ಗುಂಪಿನಿಂದ ಒಂದು ಕೊಯ್ತಾ ಎತ್ತಿಕೊಂಡರು. ಅಲಗು ನಡುವೆ ಬಾಗಿದೆ, ಧಾರೆಯಲ್ಲಿ ಹಲ್ಲು ಬಿದ್ದಿವೆ, ಹಿಡಿ ಅಲುಗಾಡುತ್ತದೆ. ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದರು. "ಏನ್ ಕ್ಯಾರೆಕ್ಟರ್ ಐತ್ರೀ ಇದರಾಗ!" ಅಂದರು. ಈ ಸಲ ಚೌಕಾಸಿ ಮಾಡದೆ ರೊಕ್ಕ ಕೊಟ್ಟರು.

"ಇಂಥಾವು ಇನ್ನೂ ಅದಾವೇನ್ ತಮ್ಮಾ?"

"ಸದ್ಯಕ್ಕ ಇಲ್ರೀ ಸಾಹೇಬ್ರ. ಮಂದಿ ವಾಪಸ್ ತಂದು ಒಗದಾಂಗ ಬರ್ತಾವು."