ಮೊದಲು ಹಿಡಿಸೂಡಿ, ಆಮೇಲೆ ಮೊಬೈಲು

ಮಳೆ ಶುರುವಾಯಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಜೇಡಗಳದ್ದೇ ಕಾರುಬಾರು. ಇವತ್ತು ಬೆಳಗ್ಗೆಯೂ ಒಂದು ಬಂತು: ಅಲುಗಾಡಿದ ಫೋಟೋ, ಬಚ್ಚಲಿನ ಗೋಡೆ, ಮೂಲೆಯಲ್ಲೊಂದು ಕಂದು ಕಲೆ. ಕೆಳಗೆ, ‘ಇದು ಎಂತ ಜೇಡ? ವಿಷ ಉಂಟಾ?’ ಹೆಚ್ಚುಕಮ್ಮಿ ಎಲ್ಲ ಜೇಡಕ್ಕೂ ವಿಷ ಉಂಟು, ಬೇಟೆಗೆಂದು ಇಟ್ಟುಕೊಂಡದ್ದು. ಆದರೆ ಕಲೆಯ ಜಾತಿ ಹೇಳುವುದು ಹೇಗೆ ಮಾರಾಯ್ರೆ?

ಬಣ್ಣ ನಂಬಿದರೆ ಕೆಟ್ಟಿರಿ. ಕಣ್ಣುಗಳು ಹೇಗೆ ಕೂತಿವೆ ನೋಡಬೇಕು. ಮುಂದಿನ ಎರಡು ದೊಡ್ಡದಾಗಿ ನೇರ ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಜಿಗಿಯುವ ಜೇಡ. ಕೆಳಗೆ ಸಣ್ಣ ನಾಲ್ಕು, ಮೇಲೆ ದೊಡ್ಡ ಎರಡು, ಹಿಂದೆ ಇನ್ನೆರಡು ಇದ್ದರೆ ತೋಳ ಜೇಡ. ಹಾಗಾಗಿ ಮೇಲಿನಿಂದ, ಎದುರಿನಿಂದ, ಹೊಟ್ಟೆಯಡಿಯಿಂದ ಒಂದೊಂದು ಫೋಟೋ ಬೇಕು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ. ಬಲೆ ಇದ್ದರೆ ಅದರದ್ದೂ. ಬಲೆಯ ನಡುವೆ ಬಿಳಿ ಅಂಕುಡೊಂಕು ಗೀಟು ಎಳೆದು, ಕಾಲುಗಳನ್ನು ಜೋಡಿ ಮಾಡಿ ಗುಣಾಕಾರ ಚಿಹ್ನೆ ಹಾಕಿ ಕೂತಿದ್ದರೆ ಆರ್ಜಿಯೋಪೆ ಕುಲದ ಜೇಡ. ಕುಟುಂಬ, ಕೆಲವೊಮ್ಮೆ ಕುಲದವರೆಗೆ ಇಷ್ಟು ಸಾಕು. ಪ್ರಭೇದ ಹೇಳಲು ಅನೇಕ ಸಲ ಬೆಳೆದ ಜೇಡವೇ ಬೇಕು, ಸೂಕ್ಷ್ಮದರ್ಶಕವೂ ಬೇಕು: ಹೆಣ್ಣಾದರೆ ಹೊಟ್ಟೆಯಡಿಯ ಜನನಾಂಗ, ಗಂಡಾದರೆ ಬಾಯಿಯ ಬದಿಯ ಉಬ್ಬಿದ ಸ್ಪರ್ಶಾಂಗದ ತುದಿ. ಮರಿಯಾದರೆ ಪಂಡಿತರೂ ಕೈ ಎತ್ತುತ್ತಾರೆ.

ಗುಂಪಿನ ಭಾವನವರದ್ದು ಮಾತ್ರ ಒಂದೇ ಕ್ರಮ: ಮೊದಲು ಹಿಡಿಸೂಡಿ, ಆಮೇಲೆ ಮೊಬೈಲು. ಅವರು ಕಳಿಸುವ ಜೇಡಗಳೆಲ್ಲ ಮಗುಚಿ ಬಿದ್ದು ಕಾಲು ಮುದುಡಿದವೇ. ಜೇಡ ಕಾಲು ಚಾಚುವುದು ಒಳಗಿನ ದ್ರವದ ಒತ್ತಡದಿಂದ. ಸತ್ತರೆ ಒತ್ತಡ ಇಳಿದು ಕಾಲು ಒಳಕ್ಕೆ ಮಡಚುತ್ತದೆ. ಭಾವನವರ ಪ್ರಕಾರ ಅದು ‘ನನ್ನನ್ನು ನೋಡಿ ಹೆದರಿದ್ದು’. ಒಮ್ಮೆ ಅಂಗೈ ಅಗಲದ್ದೊಂದನ್ನು ‘ಟರಾಂಟುಲಾ! ಹೊಟ್ಟೆಯಡಿ ವಿಷದ ಚೀಲ!’ ಎಂದು ಹಾಕಿದರು. ನೋಡಿದರೆ ಹೆಟೆರೋಪೋಡಾ ವೆನಟೋರಿಯಾ, ಸ್ವೀಡನ್ನಿನ ಜೀವಶಾಸ್ತ್ರಜ್ಞ ಲಿನ್ನೇಯಸ್ 1767ರಲ್ಲೇ ಹೆಸರಿಟ್ಟದ್ದು. ಬಲೆ ನೇಯದೆ ರಾತ್ರಿ ಜಿರಲೆ ಹಿಡಿಯುವ ಪ್ರಾಣಿ. ಚೀಲ ಮೊಟ್ಟೆಯದ್ದು, ಪಾಪ.

ಹಂಚಿನ ಮನೆಗಳ ಪಕ್ಕಾಸಿನ ಸಂದಿಯಲ್ಲಿ ಇವು ತಮ್ಮಷ್ಟಕ್ಕೆ ಇದ್ದವು, ಯಾರೂ ಜಾತಿ ಕೇಳುತ್ತಿರಲಿಲ್ಲ. ತಾರಸಿ ಮನೆಯ ಬಿಳಿ ಗೋಡೆಯಲ್ಲಿ ಅಡಗುವುದೆಲ್ಲಿ?

ಸತ್ತದ್ದನ್ನಾದರೂ ಶೇ. 70ರ ಆಲ್ಕೋಹಾಲಿನಲ್ಲಿ ಹಾಕಿ, ಊರು, ದಿನಾಂಕ ಪೆನ್ಸಿಲಿನಲ್ಲೇ ಬರೆದ ಚೀಟಿ ಒಳಗಿಡಿ (ಪೆನ್ನಿನ ಶಾಯಿ ಕರಗಿ ಹೋಗುತ್ತದೆ) ಎಂದರೆ, ಭಾವನವರಿಗೆ ಆಲ್ಕೋಹಾಲು ದಂಡವಾಗುವ ಚಿಂತೆ. ನಿನ್ನೆಯ ಅವರ ಪ್ರಶ್ನೆ: ‘ಇದಕ್ಕೆ ಆರೇ ಕಾಲು, ಹೊಸ ಜಾತಿಯಾ?’

ಉಳಿದೆರಡು ಹಿಡಿಸೂಡಿಯಲ್ಲಿ ಹುಡುಕಿ ಭಾವ.